ಕ್ಯಾಮೆರಾದ ಮುಂದಿದ್ದವರು ಹಿಂದೆ ಬಂದ ಕಥೆ

ಖಾನಾಪುರದ ಮಣ್ಣು ಹಂಚಿಗೂ ಮಡಕೆ ಕುಡಿಕೆಗೂ ಹೆಸರಾದದ್ದು. ಆ ಹಂಚು ಹೊದಿಸಿದ ಹಳೆಯ ಮನೆಗಳಲ್ಲಿ ಬೇಸಗೆಯ ಮಧ್ಯಾಹ್ನ ಕಾಣುವ ಒಂದು ನೋಟ ಎಲ್ಲರಿಗೂ ಪರಿಚಿತ. ಹಂಚಿನ ಸಂದಿಯಿಂದ ಬಿಸಿಲಿನ ಕೋಲೊಂದು ಇಳಿದು ನೆಲದ ಮೇಲೆ ದುಂಡು ಬಿಲ್ಲೆಯಾಗಿ ಬೀಳುತ್ತದೆ. ಸಂದಿ ಚೌಕವಾಗಿರಲಿ, ಅಂಕುಡೊಂಕಾಗಿರಲಿ, ಬಿಲ್ಲೆ ಮಾತ್ರ ದುಂಡಗೇ ಇರುತ್ತದೆ. ಕಾರಣ ಸರಳ. ಅದು ಸಂದಿಯ ಆಕಾರವಲ್ಲ, ಸೂರ್ಯನ ಬಿಂಬ! 2019ರ ಡಿಸೆಂಬರ್ 26ರ ಬೆಳಿಗ್ಗೆ ಬೆಳಗಾವಿ ಭಾಗದಲ್ಲಿ ಪಾರ್ಶ್ವ ಸೂರ್ಯಗ್ರಹಣ ಕಾಣಿಸಿಕೊಂಡಾಗ ಮರದ ಎಲೆಗಳ ನಡುವಿನಿಂದ ನೆಲಕ್ಕೆ ಬಿದ್ದ ಇಂತಹ ಬಿಲ್ಲೆಗಳು ಕುಡುಗೋಲಿನ ಆಕಾರ ತಾಳಿದ್ದು ಈ ಕಾರಣದಿಂದಲೇ.

ಬೆಳಕು ಚಿಕ್ಕ ರಂಧ್ರದ ಮೂಲಕ ಹಾದು ಚಿತ್ರ ಬರೆಯುವುದು ಪ್ರಕೃತಿಯ ನಿಯಮ. ಕತ್ತಲೆ ಕೋಣೆಯ ಗೋಡೆಯ ಮೇಲೆ ಹೊರಗಿನ ಬೀದಿ ತಲೆಕೆಳಗಾಗಿ ಮೂಡುವುದನ್ನು ಮನುಷ್ಯ ಸಾವಿರಾರು ವರ್ಷಗಳಿಂದ ಕಂಡಿದ್ದಾನೆ. ಆದರೆ ಬೆಳಕು ಸರಿದೊಡನೆ ಚಿತ್ರವೂ ಮಾಯವಾಗುತ್ತಿತ್ತು. ಹಾಗೆ ಮಾಯವಾಗುವುದನ್ನು ಹಿಡಿದಿಡುವ ಆಸೆಯೇ ಛಾಯಾಗ್ರಹಣದ ತಾಯಿಬೇರು. ಇಂದು ಪ್ರತಿ ಮನೆಯಲ್ಲೂ ಒಂದಲ್ಲ, ಎರಡು ಮೂರು ಕ್ಯಾಮೆರಾಗಳಿವೆ, ಅವು ಮೊಬೈಲಿನೊಳಗೆ ಕುಳಿತಿವೆ ಅಷ್ಟೆ. ಆದರೂ ಎಲ್ಲರೂ ಛಾಯಾಗ್ರಹಣದ ಹವ್ಯಾಸಿಗಳಲ್ಲ. ಹಾಗಾದರೆ ಈ ಹವ್ಯಾಸ ಜನರಿಗೆ ಮೊದಲು ಅಂಟಿಕೊಂಡದ್ದು ಹೇಗೆ? ಕ್ಯಾಮೆರಾದ ಮುಂದೆ ನಿಲ್ಲುತ್ತಿದ್ದವರು ಅದರ ಹಿಂದೆ ಬಂದದ್ದು ಯಾವಾಗ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ಬೆಳಗಾವಿಯ ದಾರಿಯೂ ಸಿಗುತ್ತದೆ.

ಸೈನಿಕರು, ವೈದ್ಯರು, ಕತ್ತಲೆ ಡೇರೆ

1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಲೂಯಿ ಡಾಗೇರ್ ಎಂಬಾತನ ವಿಧಾನವನ್ನು ಬಹಿರಂಗವಾಗಿ ವಿವರಿಸಲಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡಿಸುವ ವಿಧಾನವದು. ಆ ದಿನವೇ ಇಂದು ವಿಶ್ವ ಛಾಯಾಗ್ರಹಣ ದಿನ. ಅದೇ ಕಾಲದಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಕಾಗದದ ಮೇಲೆ ನೆಗೆಟಿವ್ ಪಡೆಯುವ ವಿಧಾನವನ್ನು ರೂಪಿಸಿದ. ಒಂದು ನೆಗೆಟಿವ್‌ನಿಂದ ಎಷ್ಟು ಪ್ರತಿಗಳನ್ನಾದರೂ ತೆಗೆಯಬಹುದೆಂಬುದು ಇದರ ಹೆಚ್ಚುಗಾರಿಕೆ.

ಈ ಹೊಸ ವಿದ್ಯೆ ಭಾರತಕ್ಕೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1854ರಲ್ಲಿ ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘ ಹುಟ್ಟಿಕೊಂಡಿತು. 1856ರಲ್ಲಿ ಮದ್ರಾಸು, ಕಲ್ಕತ್ತೆಗಳಲ್ಲೂ ಸಂಘಗಳು ತಲೆಯೆತ್ತಿದವು. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಮುಂಬಯಿಯ ಸಂಘದ ಕಥೆ ಈ ಭಾಗಕ್ಕೂ ಸೇರಿದ್ದೇ. ಅದರ ಸದಸ್ಯರಲ್ಲಿ ಹೆಚ್ಚಿನವರಿಗೆ ಛಾಯಾಗ್ರಹಣ ಹೊಟ್ಟೆಪಾಡಿನ ಕಸುಬಾಗಿರಲಿಲ್ಲ. ಅವರು ಸೈನ್ಯದ ಅಧಿಕಾರಿಗಳು, ವೈದ್ಯರು, ಸರಕಾರಿ ನೌಕರರು. ಇಂಗ್ಲಿಷರ ಜೊತೆಗೆ ಭಾರತೀಯರೂ ಅದರಲ್ಲಿದ್ದರು. ವೈದ್ಯರಾಗಿದ್ದ ಡಾ. ನಾರಾಯಣ ದಾಜಿ ಸಂಘದ ಮುಂಚೂಣಿಯ ಹವ್ಯಾಸಿಗಳಲ್ಲೊಬ್ಬರು.

ಆ ಕಾಲದ ಹವ್ಯಾಸಿಗಳಲ್ಲಿ ಕನ್ನಡಿಗರು ನೆನೆಯಬೇಕಾದವನು ಮುಂಬಯಿ ತೋಪುದಳದ ಅಧಿಕಾರಿ ಥಾಮಸ್ ಬಿಗ್ಸ್. ಅವನ ಕೈಚಳಕ ಕಂಡ ಸರಕಾರ, ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯುವ ಕೆಲಸವನ್ನೇ ಅವನಿಗೆ ಒಪ್ಪಿಸಿತು. 1855ರಲ್ಲಿ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಸಂಚರಿಸಿದ ಬಿಗ್ಸ್ ಕಾಗದದ ನೆಗೆಟಿವ್‌ಗಳ ಮೇಲೆ ಆ ಸ್ಮಾರಕಗಳನ್ನು ಸೆರೆಹಿಡಿದ. ಸೈನ್ಯ ಅವನನ್ನು ವಾಪಸು ಕರೆಸಿಕೊಂಡಾಗ ಕೆಲಸ ಮುಂದುವರಿಸಿದವನು ವೈದ್ಯ ವಿಲಿಯಂ ಪಿಗೌ. ಇವರ ಮತ್ತು ಇನ್ನೊಬ್ಬ ವೈದ್ಯ ನೀಲ್‌ನ ಚಿತ್ರಗಳನ್ನೊಳಗೊಂಡ ಧಾರವಾಡ ಹಾಗೂ ಮೈಸೂರು ಸೀಮೆಗಳ ವಾಸ್ತುಶಿಲ್ಪದ ದೊಡ್ಡ ಗ್ರಂಥ 1866ರಲ್ಲಿ ಪ್ರಕಟವಾಯಿತು. ಒಬ್ಬ ಸೈನಿಕ, ಇಬ್ಬರು ವೈದ್ಯರು! ಕರ್ನಾಟಕದ ಶಿಲ್ಪಕಲೆಯನ್ನು ಹೊರಜಗತ್ತಿಗೆ ಚಿತ್ರಗಳಲ್ಲಿ ತೋರಿಸಿದ ಮೊದಲಿಗರು ಬಿಡುವಿನ ವೇಳೆಯಲ್ಲಿ ಈ ವಿದ್ಯೆ ಕಲಿತವರೆಂಬುದು ಗಮನಾರ್ಹ.

ಬೆಳಗಾವಿಯ ಸರದಿಯೂ ಬಂತು. ಪುರಾತತ್ತ್ವಜ್ಞ ಜೇಮ್ಸ್ ಬರ್ಜೆಸ್ 1874ರ ಜನವರಿಯಿಂದ ಮೇ ತಿಂಗಳವರೆಗೆ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಸಮೀಕ್ಷೆ ನಡೆಸಿದ. ಪಶ್ಚಿಮ ಭಾರತದ ಪುರಾತತ್ತ್ವ ಸಮೀಕ್ಷೆಯ ಮೊದಲ ವರದಿಯೇ ಅದು. ಬೆಳಗಾವಿ ಕೋಟೆಯೊಳಗಿನ ಜೈನ ಬಸದಿ ಅದರಲ್ಲಿ ಜಾಗ ಪಡೆದಿದೆ. ರಟ್ಟರ ಕಾಲದಲ್ಲಿ, 1204ರಲ್ಲಿ ಕಟ್ಟಿದ ಕಮಲ ಬಸದಿಯ ಚಾವಣಿಯ ಕಮಲವನ್ನು ಇಂದು ಶಾಲಾ ಪ್ರವಾಸದ ಮಕ್ಕಳು ಕ್ಷಣಮಾತ್ರದಲ್ಲಿ ಮೊಬೈಲಿಗಿಳಿಸುತ್ತಾರೆ. ಆಗ ಅದು ಅಷ್ಟು ಸುಲಭವಾಗಿರಲಿಲ್ಲ.

ಆ ದಿನಗಳಲ್ಲಿ ಬಳಕೆಯಲ್ಲಿದ್ದುದು 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಕಂಡುಹಿಡಿದ ‘ಒದ್ದೆ ಫಲಕ’ದ ವಿಧಾನ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವ ಹಚ್ಚಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಕ್ಯಾಮೆರಾಕ್ಕೆ ಹಾಕಬೇಕು. ಚಿತ್ರ ತೆಗೆದ ಕೂಡಲೇ ಕತ್ತಲೆ ಡೇರೆಗೆ ಓಡಿ ಸಂಸ್ಕರಿಸಬೇಕು. ಇದೆಲ್ಲ ಹತ್ತು ಹದಿನೈದು ನಿಮಿಷಗಳೊಳಗೆ ಮುಗಿಯಬೇಕು, ಫಲಕ ಒಣಗಿತೋ ಚಿತ್ರ ಕೆಟ್ಟಿತು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಅದು ಇನ್ನೂ ಬೇಗ ಒಣಗುತ್ತಿತ್ತು. ಹೀಗಾಗಿ ಛಾಯಾಗ್ರಾಹಕ ಎಲ್ಲಿಗೆ ಹೋದರೂ ಗಾಜು, ರಾಸಾಯನಿಕದ ಸೀಸೆಗಳು, ನೀರು, ಡೇರೆ ಎಲ್ಲವನ್ನೂ ಹೊರಿಸಿಕೊಂಡೇ ಹೋಗಬೇಕಿತ್ತು. ಹಣ, ಆಳುಕಾಳು, ಬಿಡುವು ಮೂರೂ ಇದ್ದವರಿಗೆ ಮಾತ್ರ ಎಟಕುವ ಹವ್ಯಾಸವದು.

ಬೆಳಗಾವಿಯ ಒಂದು ಫೋಟೋ

ಸಾಮಾನ್ಯ ಜನರಿಗೆ ಕ್ಯಾಮೆರಾದ ಪರಿಚಯವಾದದ್ದು ಊರಿನ ಸ್ಟುಡಿಯೋಗಳಿಂದ. ದಂಡು ಪ್ರದೇಶವಿದ್ದ ಬೆಳಗಾವಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಫೋಟೋ ಸ್ಟುಡಿಯೋ ನೆಲೆಯೂರಿತ್ತು ಎಂಬುದಕ್ಕೆ ಜಗತ್ತೇ ಬಲ್ಲ ಒಂದು ಸಾಕ್ಷಿ ಇದೆ.

1892ರ ಅಕ್ಟೋಬರಿನಲ್ಲಿ ಪರಿವ್ರಾಜಕ ಸಂನ್ಯಾಸಿಯೊಬ್ಬರು ಕೊಲ್ಹಾಪುರದಿಂದ ಬೆಳಗಾವಿಗೆ ಬಂದರು. ಮೊದಲು ವಕೀಲ ಸದಾಶಿವರಾವ್ ಭಾಟೆಯವರ ಮನೆಯಲ್ಲಿ, ಆಮೇಲೆ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಉಳಿದರು. ಅವರೇ ಸ್ವಾಮಿ ವಿವೇಕಾನಂದರು. ಷಿಕಾಗೋದ ಭಾಷಣಕ್ಕೆ ಇನ್ನೂ ಸುಮಾರು ಒಂದು ವರ್ಷವಿತ್ತು, ಹೊರಜಗತ್ತಿಗೆ ಅವರ ಹೆಸರು ತಿಳಿದಿರಲಿಲ್ಲ. ಹರಿಪದ ಮಿತ್ರರು ಒತ್ತಾಯಿಸಿ ಸ್ವಾಮೀಜಿಯವರ ಫೋಟೋ ತೆಗೆಸಿದರು. ತೆಗೆದವರು ಬೆಳಗಾವಿಯ ‘ಎಸ್. ಮಹಾದೇವ್ ಅಂಡ್ ಸನ್’ ಸ್ಟುಡಿಯೋದವರು. ಸ್ವಾಮೀಜಿ ತಂಗಿದ್ದ ಕೋಟೆಯೊಳಗಿನ ಮನೆ ಇಂದು ರಾಮಕೃಷ್ಣ ಮಿಷನ್ ಆಶ್ರಮದ ಸ್ಮಾರಕವಾಗಿದೆ.

ಅಂದು ಆ ಸಂನ್ಯಾಸಿ ಮುಂದೆ ಏನಾಗುವರೆಂದು ಯಾರಿಗೂ ಗೊತ್ತಿರಲಿಲ್ಲ. ಮಿತ್ರರಿಗೆ ಇದ್ದುದು ಒಂದೇ ಆಸೆ. ಹೊರಟುಹೋಗುವ ಅತಿಥಿಯ ಮುಖ ಮನೆಯಲ್ಲಿ ಉಳಿಯಬೇಕು! ಛಾಯಾಗ್ರಹಣದ ಮೇಲೆ ಜನರಿಗೆ ಮೊದಲು ಹುಟ್ಟಿದ ಪ್ರೀತಿ ಈ ಬಗೆಯದು. ದೂರ ಹೋಗುವ ಮಗ, ಮದುವೆಯಾಗುವ ಮಗಳು, ವಯಸ್ಸಾದ ತಂದೆ ಇವರ ಮುಖ ಕಣ್ಣ ಮುಂದಿರಲೆಂಬ ಹಂಬಲ.

ಇನ್ನೊಂದು ಸಂದರ್ಭ 1924ರ ಡಿಸೆಂಬರ್ 26 ಮತ್ತು 27ರದು. ಮಹಾತ್ಮಾ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯ ಟಿಳಕವಾಡಿಯಲ್ಲಿ ನಡೆಯಿತು. ಅಧಿವೇಶನದ ನೆನಪಿಗಿರುವ ವೀರಸೌಧದಲ್ಲಿ ಆ ಕಾಲದ ಫೋಟೋಗಳನ್ನು ಇಂದಿಗೂ ನೋಡಬಹುದು. ಅಧಿವೇಶನದ ನಡಾವಳಿ ಓದಿದವರಿಗಿಂತ ಆ ಫೋಟೋಗಳನ್ನು ನೋಡಿದವರೇ ಹೆಚ್ಚು.

ಆದರೆ ಇವೆಲ್ಲ ಕ್ಯಾಮೆರಾದ ಮುಂದಿದ್ದವರ ಕಥೆಗಳು. ಕಪ್ಪು ಬಟ್ಟೆ ಹೊದ್ದು ಹಿಂದೆ ನಿಂತಾತ ಮಾಡುವುದೇನೆಂದು ಎದುರಿಗೆ ಕುಳಿತವರಿಗೆ ತಿಳಿಯುತ್ತಿರಲಿಲ್ಲ. ಆ ಪರದೆ ಸರಿಯಬೇಕಾದರೆ ದೂರದ ಅಮೆರಿಕೆಯಲ್ಲಿ ಒಬ್ಬ ಗುಮಾಸ್ತನಿಗೆ ಪ್ರವಾಸದ ಆಸೆ ಹುಟ್ಟಬೇಕಾಯಿತು.

ಪ್ರವಾಸ ತಪ್ಪಿತು, ಹವ್ಯಾಸ ಹತ್ತಿತು

ಜಾರ್ಜ್ ಈಸ್ಟ್‌ಮನ್ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನ ಬ್ಯಾಂಕೊಂದರ ಗುಮಾಸ್ತ. 1877ರಲ್ಲಿ ಕೆರಿಬಿಯನ್ ದ್ವೀಪವೊಂದಕ್ಕೆ ಪ್ರವಾಸ ಹೋಗಲು ಯೋಚಿಸಿದ. ‘ಹೋಗುವುದಾದರೆ ಕ್ಯಾಮೆರಾ ಒಯ್ಯಿ’ ಎಂದು ಸಹೋದ್ಯೋಗಿಯೊಬ್ಬ ಸಲಹೆ ಕೊಟ್ಟ. ಈಸ್ಟ್‌ಮನ್ ದೊಡ್ಡ ಪೆಟ್ಟಿಗೆ, ಮುಕ್ಕಾಲಿ, ಡೇರೆ, ಗಾಜು, ಸೀಸೆಗಳ ಆ ಸರಂಜಾಮನ್ನೆಲ್ಲ ಕೊಂಡ. ಪ್ರವಾಸ ರದ್ದಾಯಿತು. ಆದರೆ ಕ್ಯಾಮೆರಾದ ಹುಚ್ಚು ಬಿಡಲಿಲ್ಲ. ಹಗಲು ಬ್ಯಾಂಕಿನ ಲೆಕ್ಕ, ರಾತ್ರಿ ತಾಯಿಯ ಅಡುಗೆಮನೆಯಲ್ಲಿ ರಾಸಾಯನಿಕ ಪ್ರಯೋಗ. ಇಷ್ಟು ಹೊರೆ ಹೊರದೆ ಚಿತ್ರ ತೆಗೆಯಲಾಗದೇ ಎಂಬುದು ಅವನನ್ನು ಕಾಡಿದ ಪ್ರಶ್ನೆ.

ದಾರಿ ತೋರಿಸಿದ್ದು ಇನ್ನೊಬ್ಬ ಹವ್ಯಾಸಿಯ ಶೋಧ. ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್‌ಗೆ ಒದ್ದೆ ಫಲಕದ ಈಥರ್ ಆವಿ ಆರೋಗ್ಯಕ್ಕೆ ಒಗ್ಗುತ್ತಿರಲಿಲ್ಲ. ಅದಕ್ಕೆ ಬದಲಿ ಹುಡುಕುತ್ತ ಹೋದ ಆತ 1871ರಲ್ಲಿ ಜೆಲಟಿನ್ ಲೇಪದ ಒಣ ಫಲಕದ ಉಪಾಯವನ್ನು ಪ್ರಕಟಿಸಿದ. ಜೆಲಟಿನ್ ಎಂದರೆ ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆಯುವ ಸರಿ. ಅದರಲ್ಲಿ ಬೆಳ್ಳಿಯ ಬ್ರೋಮೈಡ್ ಕಣಗಳನ್ನು ಹುದುಗಿಸಿ ಒಣಗಿಸಿಟ್ಟರೆ ಫಲಕ ತಿಂಗಳುಗಟ್ಟಲೆ ಬಾಳುತ್ತದೆ. ಚಿತ್ರ ತೆಗೆದ ಮೇಲೂ ನಿಧಾನವಾಗಿ ಸಂಸ್ಕರಿಸಬಹುದು. ಕತ್ತಲೆ ಡೇರೆ ಹೊರುವ ಕಾಟ ತಪ್ಪಿತು.

ಈಸ್ಟ್‌ಮನ್ ಈ ಜೆಲಟಿನ್ನನ್ನು ಗಾಜಿನಿಂದ ಸುರುಳಿಗೆ ತಂದ. 1888ರಲ್ಲಿ ಮಾರುಕಟ್ಟೆಗೆ ಬಂದ ಅವನ ‘ಕೊಡ್ಯಾಕ್’ ಕ್ಯಾಮೆರಾದ ಬೆಲೆ 25 ಡಾಲರ್. ಅದರೊಳಗಿನ ಸುರುಳಿಯಲ್ಲಿ ನೂರು ಚಿತ್ರಗಳು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಿದರೆ ಪ್ರಿಂಟುಗಳೂ ಹೊಸ ಸುರುಳಿ ತುಂಬಿದ ಕ್ಯಾಮೆರಾವೂ ಮರಳಿ ಬರುತ್ತಿದ್ದವು. ಗುಂಡಿ ಒತ್ತುವುದಷ್ಟೇ ನಿಮ್ಮ ಕೆಲಸ, ಉಳಿದದ್ದು ನಮಗಿರಲಿ ಎಂಬುದು ಕಂಪನಿಯ ಜಾಹೀರಾತಿನ ಸಾರ. 1900ರಲ್ಲಿ ಬಂದ ‘ಬ್ರೌನಿ’ ಪೆಟ್ಟಿಗೆ ಕ್ಯಾಮೆರಾದ ಬೆಲೆ ಕೇವಲ ಒಂದು ಡಾಲರ್. ಅದನ್ನು ಮಕ್ಕಳಿಗಾಗಿಯೇ ಪ್ರಚಾರ ಮಾಡಲಾಯಿತು. ಹೀಗೆ ಅರವತ್ತು ವರ್ಷಗಳೊಳಗೆ ಸೈನ್ಯಾಧಿಕಾರಿಯ ಹವ್ಯಾಸ ಶಾಲಾ ಬಾಲಕನ ಹವ್ಯಾಸವಾಯಿತು.

ಹನ್ನೆರಡು ಚಿತ್ರಗಳ ರೀಲು

ನಮ್ಮಲ್ಲಿ ಈ ಬದಲಾವಣೆ ತಡವಾಗಿ ಬಂತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ವಿದೇಶಿ ಕ್ಯಾಮೆರಾ, ರೀಲುಗಳ ಆಮದಿಗೆ ನಿರ್ಬಂಧವಿತ್ತು. ಆಗ ಮಧ್ಯಮ ವರ್ಗದ ಮನೆಗಳನ್ನು ಪ್ರವೇಶಿಸಿದ್ದು ಭಾರತದಲ್ಲೇ ತಯಾರಾಗುತ್ತಿದ್ದ ‘ಆಗ್ಫಾ ಕ್ಲಿಕ್-3’. ನೋಡಲು ಸರಳ ಕಪ್ಪು ಪೆಟ್ಟಿಗೆ. ಅದಕ್ಕೆ 120 ಅಳತೆಯ ರೀಲು, ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರಗಳು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಸರಕಾರಿ ಸ್ವಾಮ್ಯದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನ ಕಪ್ಪು ಬಿಳುಪು ರೀಲು ಮತ್ತು ಕಾಗದ ತಯಾರಿಸಿತು. 1980ರ ದಶಕದಲ್ಲಿ ಅಗ್ಗದ ‘ಹಾಟ್ ಶಾಟ್’ ಕ್ಯಾಮೆರಾಗಳು ಬಂದವು.

ಹನ್ನೆರಡೇ ಚಿತ್ರ! ಇಂದಿನ ವಿದ್ಯಾರ್ಥಿಗೆ ಇದು ನಗೆ ತರಿಸಬಹುದು. ಆದರೆ ಆ ಹನ್ನೆರಡರಲ್ಲಿ ಒಂದು ಶಿಸ್ತಿತ್ತು. ಗುಂಡಿ ಒತ್ತುವ ಮೊದಲು ಯೋಚಿಸಬೇಕಿತ್ತು. ಸೂರ್ಯ ಬೆನ್ನ ಹಿಂದಿದ್ದಾನೆಯೇ? ಎದುರಿದ್ದವರ ಕಣ್ಣು ಕುಕ್ಕುತ್ತಿದೆಯೇ? ಹಿಂದಿನ ಕಂಬ ಅವರ ತಲೆಯ ಮೇಲೆ ಮೊಳೆತಂತೆ ಕಾಣುತ್ತಿದೆಯೇ? ರೀಲು ತೊಳೆದು ಬರುವ ತನಕ ಕಾಯಬೇಕಿತ್ತು. ಬಂದ ಪ್ರಿಂಟಿನಲ್ಲಿ ಚಿತ್ರ ಅಲುಗಿದ್ದರೆ, ಮಬ್ಬಾಗಿದ್ದರೆ, ಯಾಕೆ ಹಾಗಾಯಿತೆಂದು ಹುಡುಕಬೇಕಿತ್ತು. ಆ ಹುಡುಕಾಟದಲ್ಲೇ ಗುಂಡಿ ಒತ್ತುವವನು ಹವ್ಯಾಸಿಯಾಗುತ್ತಿದ್ದ.

ಹಲವರನ್ನು ಈ ಹವ್ಯಾಸಕ್ಕೆ ಕಟ್ಟಿಹಾಕಿದ ಇನ್ನೊಂದು ಶಕ್ತಿ ಕತ್ತಲೆ ಕೋಣೆ. ಮಂದ ಕೆಂಪು ದೀಪದ ಬೆಳಕಿನಲ್ಲಿ, ತಟ್ಟೆಯ ದ್ರಾವಣದೊಳಗಿನ ಬಿಳಿ ಹಾಳೆಯ ಮೇಲೆ ಮೊದಲು ಕೂದಲು, ಆಮೇಲೆ ಕಣ್ಣು, ಕೊನೆಗೆ ಇಡೀ ಮುಖ ತೇಲಿ ಬರುವುದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಮಾಟದಂತೆ ಕಂಡರೂ ಅದು ಶುದ್ಧ ರಸಾಯನಶಾಸ್ತ್ರ. ಬೆಳಕು ತಾಗಿದ ಬೆಳ್ಳಿಯ ಬ್ರೋಮೈಡ್ ಕಣಗಳಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಬದಲಾವಣೆ ಆಗಿರುತ್ತದೆ. ಡೆವಲಪರ್ ದ್ರಾವಣ ಆ ಕಣಗಳನ್ನು ಮಾತ್ರ ಕಪ್ಪು ಬೆಳ್ಳಿಯಾಗಿ ಅಪಕರ್ಷಿಸುತ್ತದೆ. ಉಳಿದ ಕಣಗಳನ್ನು ‘ಹೈಪೊ’, ಅಂದರೆ ಸೋಡಿಯಂ ಥಯೋಸಲ್ಫೇಟ್, ಕರಗಿಸಿ ತೊಳೆಯುತ್ತದೆ. ಆಗ ಚಿತ್ರ ಸ್ಥಿರವಾಗುತ್ತದೆ. ಬೆಳ್ಳಿಯ ಲವಣಗಳನ್ನು ಹೈಪೊ ಕರಗಿಸಬಲ್ಲುದೆಂದು 1819ರಲ್ಲೇ ಕಂಡುಕೊಂಡವನು ಖಗೋಳಜ್ಞ ಜಾನ್ ಹರ್ಶೆಲ್. ಆ ಕಾಗದಕ್ಕೆ ಕೆಂಪು ಬೆಳಕು ತಾಗದಿರುವುದರಿಂದಲೇ ಕೋಣೆಯಲ್ಲಿ ಕೆಂಪು ದೀಪ. ಪಠ್ಯಪುಸ್ತಕದಲ್ಲಿ ಒಣ ಪಾಠವೆನಿಸುವ ಆಕ್ಸಿಡೀಕರಣ, ಅಪಕರ್ಷಣಗಳಿಗೆ ಇಲ್ಲಿ ಮುಖ, ಕಣ್ಣು, ನಗು ಇರುತ್ತಿದ್ದವು.

ಕನ್ನಡ ನಾಡಿನ ಹವ್ಯಾಸಿಗಳು

ಕರ್ನಾಟಕದಲ್ಲಿ ಈ ಹವ್ಯಾಸ ಹಬ್ಬಿದ ಬಗೆಯನ್ನು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಕ್ಯಾಮೆರಾ ಹಿಡಿದ ಅನೇಕರ ನಿಜವಾದ ವೃತ್ತಿ ಬೇರೆಯೇ ಆಗಿತ್ತು. ಬೆಂಗಳೂರಿನ ಡಾ. ಜಿ. ಥಾಮಸ್ ವೈದ್ಯರು. 1953ರಲ್ಲಿ ಹುಟ್ಟಿದ ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು ಕಟ್ಟಿ ಬೆಳೆಸಿದವರಲ್ಲಿ ಅವರು ಮುಖ್ಯರು. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು. ರಾಜಕೀಯದ ನಡುವೆಯೂ ಕಾಡು ಸುತ್ತಿ ಕಪ್ಪು ಬಿಳುಪಿನಲ್ಲಿ ವನ್ಯಜೀವಿಗಳ ಚಿತ್ರ ತೆಗೆದರು. ಕಾದಂಬರಿಕಾರ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡು ಹಕ್ಕಿಗಳ ಹಿಂದೆ ಬಿದ್ದರು, ಕನ್ನಡದ ಓದುಗರಿಗೆ ಹಕ್ಕಿಗಳ ಲೋಕವನ್ನೇ ತೆರೆದಿಟ್ಟರು. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ತರುಣರನ್ನು ಒಂದೆಡೆ ಸೇರಿಸಿತು.

ಹವ್ಯಾಸವನ್ನೇ ವೃತ್ತಿಯಾಗಿಸಿಕೊಂಡವರೂ ಉಂಟು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೇಶದ ಹಿರಿಯ ಪತ್ರಿಕಾ ಛಾಯಾಗ್ರಾಹಕರಲ್ಲೊಬ್ಬರಾಗಿ ಬೆಳೆದರು. 1977ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಅವರು ಚಿತ್ರಿಸಿದ್ದು ಹೆಚ್ಚಾಗಿ ಸಾಮಾನ್ಯ ಜನರನ್ನು, ಅವರ ದಿನನಿತ್ಯದ ಬದುಕನ್ನು. ಅಪರೂಪದ ವಸ್ತು ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಕಣ್ಣೆದುರಿನದನ್ನು ಸರಿಯಾಗಿ ನೋಡಿದರೆ ಸಾಕು ಎಂಬುದು ಅವರ ಚಿತ್ರಗಳಿಂದ ಕಲಿಯಬಹುದಾದ ಪಾಠ.

ಪಾಲಕರ ಚಿಂತೆ

1975ರಲ್ಲಿ ಕೊಡ್ಯಾಕ್ ಕಂಪನಿಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್ ರೀಲು ಬೇಡದ ಕ್ಯಾಮೆರಾವೊಂದನ್ನು ಜೋಡಿಸಿದ. ಅದರ ತೂಕ ಸುಮಾರು 3.6 ಕಿಲೋಗ್ರಾಂ. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ದಾಖಲಿಸಲು 23 ಸೆಕೆಂಡು. ಚಿತ್ರದಲ್ಲಿದ್ದುದು ಹತ್ತು ಸಾವಿರ ಚುಕ್ಕೆಗಳು ಮಾತ್ರ. ಇಂದಿನ ಮೊಬೈಲಿನ ಚಿತ್ರದಲ್ಲಿ ಕೋಟಿಗಟ್ಟಲೆ ಚುಕ್ಕೆಗಳಿರುತ್ತವೆ. ಡಿಜಿಟಲ್ ತಂತ್ರಜ್ಞಾನಕ್ಕೆ ಜನ್ಮಕೊಟ್ಟ ಕೊಡ್ಯಾಕ್ ಕಂಪನಿಯೇ ಅದರ ಹೊಡೆತಕ್ಕೆ ಸಿಕ್ಕಿ 2012ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಉದಕಮಂಡಲದ ಕಾರ್ಖಾನೆಯೂ ಮುಚ್ಚಿತು.

ಈಗ ರೀಲಿನ ಖರ್ಚಿಲ್ಲ, ಕಾಯುವುದಿಲ್ಲ. ಆದರೆ ಬೇರೆ ತೊಡಕು ಹುಟ್ಟಿದೆ. ಮಗನೋ ಮಗಳೋ ಫೋಟೋ ತೆಗೆಯುತ್ತೇನೆಂದು ಮೊಬೈಲ್ ಹಿಡಿದರೆ ತಾಸುಗಟ್ಟಲೆ ಕೆಳಗಿಡುವುದಿಲ್ಲ, ಓದು ಹಾಳಾಗುತ್ತದೆ ಎಂಬುದು ಪಾಲಕರ ದೂರು. ಅದರಲ್ಲಿ ಸತ್ಯವಿದೆ. ಒಂದೇ ಭಂಗಿಯ ನೂರು ಸೆಲ್ಫಿ ತೆಗೆಯುವುದು ಹವ್ಯಾಸವಲ್ಲ, ಅದು ಬರಿಯ ಚಟ. ಹವ್ಯಾಸಕ್ಕೂ ಚಟಕ್ಕೂ ಇರುವ ವ್ಯತ್ಯಾಸ ಇಷ್ಟೇ. ಹವ್ಯಾಸ ನೋಡಲು ಕಲಿಸುತ್ತದೆ, ಚಟ ನೋಡುವುದನ್ನೇ ಮರೆಸುತ್ತದೆ. ಹಾಗೆಂದು ಕ್ಯಾಮೆರಾವನ್ನು ಕಸಿದುಕೊಳ್ಳುವುದು ಪರಿಹಾರವಲ್ಲ. ಹಳೆಯ ರೀಲಿನ ಶಿಸ್ತನ್ನು ಹೊಸ ಉಪಕರಣಕ್ಕೆ ತರುವುದು ಒಳ್ಳೆಯ ದಾರಿ.

ಭಾನುವಾರ ಒಂದು ದಿನ ಹನ್ನೆರಡೇ ಚಿತ್ರ ತೆಗೆಯಬೇಕು, ಒಂದನ್ನೂ ಅಳಿಸಬಾರದು ಎಂಬ ನಿಯಮ ಹಾಕಿಕೊಂಡು ನೋಡಬಹುದು. ಪ್ರತಿ ಚಿತ್ರಕ್ಕೂ ನೋಟುಪುಸ್ತಕದಲ್ಲಿ ಸಮಯ, ಸ್ಥಳ, ಬೆಳಕು ಬಂದ ದಿಕ್ಕು, ಆ ಚಿತ್ರ ಯಾಕೆ ತೆಗೆದದ್ದು ಎಂಬುದನ್ನು ಬರೆದಿಡಬೇಕು. ಸಂಜೆ ಮನೆಯವರೆಲ್ಲ ಕೂಡಿ ನೋಡಿದರೆ ಮೊಬೈಲ್ ಒಂಟಿತನದ ವಸ್ತುವಾಗುವ ಬದಲು ಮಾತಿನ ವಸ್ತುವಾಗುತ್ತದೆ. ಒಂದೇ ಜಾಗವನ್ನು ವರ್ಷವಿಡೀ ಚಿತ್ರಿಸುವುದು ಇನ್ನೊಂದು ಒಳ್ಳೆಯ ಅಭ್ಯಾಸ. ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರದ ಮಗ್ಗುಲಲ್ಲೇ ಹರಿಯುವ ಮಲಪ್ರಭೆಯನ್ನು ಮೇ ತಿಂಗಳಲ್ಲೊಮ್ಮೆ, ಜುಲೈಯಲ್ಲೊಮ್ಮೆ, ಜನವರಿಯಲ್ಲೊಮ್ಮೆ ಸುರಕ್ಷಿತವಾದ ಒಂದೇ ಸ್ಥಳದಿಂದ ತೆಗೆದರೆ ಭೂಗೋಳದ ಒಂದು ಅಧ್ಯಾಯವೇ ಸಿದ್ಧ. ಹಲಸಿಯ ಕದಂಬರ ದೇವಾಲಯದ ಶಿಲ್ಪಗಳನ್ನು ಬೆಳಗಿನ ಓರೆ ಬಿಸಿಲಿನಲ್ಲೂ ನಡುಮಧ್ಯಾಹ್ನವೂ ತೆಗೆದು ಹೋಲಿಸಿದರೆ, ನೆರಳಿಲ್ಲದೆ ಶಿಲ್ಪಕ್ಕೆ ಆಳವಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊಬೈಲ್ ಕೊಡಲು ಮನಸ್ಸಿಲ್ಲದ ಪಾಲಕರು ಸೂಜಿರಂಧ್ರ ಕ್ಯಾಮೆರಾದಿಂದ ಆರಂಭಿಸಬಹುದು. ಒಂದರೊಳಗೊಂದು ಸರಿಯುವ ಎರಡು ರಟ್ಟಿನ ಪೆಟ್ಟಿಗೆ ಸಾಕು. ಹೊರಗಿನ ಪೆಟ್ಟಿಗೆಯ ಒಂದು ತುದಿಯಲ್ಲಿ ಸೂಜಿಯಿಂದ ರಂಧ್ರ, ಒಳಗಿನದರ ತುದಿಗೆ ಎಣ್ಣೆ ಸವರಿದ ಬಿಳಿ ಕಾಗದ. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಬಿಸಿಲಿನಲ್ಲಿರುವ ಮರವನ್ನು ನೋಡಿದರೆ ಅದು ತಲೆಕೆಳಗಾಗಿ, ಬಣ್ಣಸಹಿತ ಕಾಗದದ ಮೇಲೆ ಮೂಡುತ್ತದೆ. ಇದರಿಂದ ಸೂರ್ಯನನ್ನು ಮಾತ್ರ ನೇರವಾಗಿ ನೋಡಬಾರದು. ನೂರಾರು ವರ್ಷಗಳ ಹಿಂದೆ ಜನರನ್ನು ಬೆರಗುಗೊಳಿಸಿದ್ದು ಇದೇ ನೋಟ. ಮಕ್ಕಳನ್ನು ಇಂದಿಗೂ ಬೆರಗುಗೊಳಿಸುವುದು ಇದೇ.

ಇನ್ನೊಂದು ಎಚ್ಚರಿಕೆಯ ಮಾತು. ಖಾನಾಪುರ ತಾಲ್ಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾಯಿತು. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ನನ ಬಾವಲಿ ಎಂಬ ಬಹು ಅಪರೂಪದ ಜೀವಿಯ ನೆಲೆಯಿದೆ. ಫೋಟೋದ ಆಸೆಗೆ ಇಂತಹ ಕಡೆ ಅನುಮತಿಯಿಲ್ಲದೆ ನುಗ್ಗುವುದು, ಗುಹೆಯೊಳಗೆ ಫ್ಲ್ಯಾಷ್ ಹೊಡೆಯುವುದು, ಹಕ್ಕಿಯ ಗೂಡಿನ ಕೊಂಬೆಗಳನ್ನು ಸರಿಸುವುದು ಸಲ್ಲದು. ಮರಿಯ ಜೀವಕ್ಕಿಂತ ಚಿತ್ರ ದೊಡ್ಡದಲ್ಲ.

ಟ್ರಂಕಿನೊಳಗಿನ ಚರಿತ್ರೆ

ಈ ಹವ್ಯಾಸಕ್ಕೆ ಕೈಹಾಕುವ ಮಕ್ಕಳಿಗೆ ಮನೆಯಲ್ಲೇ ಒಂದು ದೊಡ್ಡ ಕೆಲಸ ಕಾದಿದೆ, ಅದಕ್ಕೆ ಹೆಚ್ಚು ಸಮಯವೂ ಉಳಿದಿಲ್ಲ. ಎಷ್ಟೋ ಮನೆಗಳ ಟ್ರಂಕುಗಳಲ್ಲಿ, ಕಪಾಟುಗಳ ತಳದಲ್ಲಿ ಹಳೆಯ ಫೋಟೋಗಳೂ ನೆಗೆಟಿವ್‌ಗಳೂ ಬಿದ್ದಿವೆ. ಅವುಗಳ ಶತ್ರು ಗಾಳಿಯಲ್ಲಿರುವ ತೇವ. ಜೆಲಟಿನ್ ಪ್ರಾಣಿಜನ್ಯ ಪದಾರ್ಥವಾದ್ದರಿಂದ ಬೂಷ್ಟಿಗೆ ಅದು ಒಳ್ಳೆಯ ಆಹಾರ. ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆಯ ಮಳೆಗಾಲದಲ್ಲಿ ಬಟ್ಟೆಯೇ ಒಣಗದಿರುವಾಗ ಫೋಟೋ ಉಳಿಯುವುದು ಕಷ್ಟ. ಕ್ಯಾಮೆರಾದ ಲೆನ್ಸಿನೊಳಗೂ ಜೇಡನ ಬಲೆಯಂತಹ ಬೂಷ್ಟು ಬೆಳೆಯುವುದುಂಟು. 2019ರ ಆಗಸ್ಟಿನ ನೆರೆಯಲ್ಲಿ ಬೆಳಗಾವಿ ಜಿಲ್ಲೆಯ ಸಾವಿರಾರು ಮನೆಗಳಿಗೆ ನೀರು ನುಗ್ಗಿತು. ದವಸ, ಪಾತ್ರೆಗಳಿಗೆ ಪರಿಹಾರ ಸಿಗಬಹುದು, ಅಜ್ಜನ ಒಂದೇ ಒಂದು ಫೋಟೋಕ್ಕೆ ಪರಿಹಾರವಿಲ್ಲ.

ಡಿಜಿಟಲ್ ಚಿತ್ರಗಳೂ ಅಮರವಲ್ಲ. ಮೊಬೈಲ್ ಕೆಟ್ಟರೆ, ಕಳೆದರೆ, ಹತ್ತು ವರ್ಷದ ನೆನಪುಗಳು ಒಂದೇ ದಿನದಲ್ಲಿ ಹೋಗುತ್ತವೆ. 1892ರ ಫೋಟೋ ಇಂದಿಗೂ ಉಳಿದಿದೆ, ನಿನ್ನೆ ಮೊನ್ನೆಯ ಫೋಟೋ ಸಿಗುತ್ತಿಲ್ಲ ಎಂಬ ವಿಚಿತ್ರ ಪರಿಸ್ಥಿತಿ ಹಲವು ಮನೆಗಳಲ್ಲಿದೆ.

ಕೆಲಸ ಕಠಿಣವೇನಲ್ಲ. ಹಳೆಯ ಫೋಟೋವನ್ನು ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ ಸಮತಟ್ಟಾಗಿ ಇಟ್ಟು, ಫ್ಲ್ಯಾಷ್ ಬಳಸದೆ, ಕ್ಯಾಮೆರಾವನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು ಪ್ರತಿ ತೆಗೆಯಬೇಕು. ಗಾಜಿಗೆ ಅಂಟಿಕೊಂಡ ಫೋಟೋವನ್ನು ಕಿತ್ತು ತೆಗೆಯಲು ಹೋಗಬಾರದು, ಗಾಜಿನ ಸಮೇತವೇ ಪ್ರತಿ ತೆಗೆಯುವುದು ಕ್ಷೇಮ. ಮೂಲ ಫೋಟೋದ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಹಗುರವಾಗಿ ಹೆಸರು, ಊರು, ವರ್ಷ ಬರೆಯಬೇಕು. ಬಾಲ್‌ಪೆನ್ನು ಬೇಡ, ಅದರ ಒತ್ತು ಮುಂಬದಿಗೂ ಮೂಡುತ್ತದೆ. ನೆಗೆಟಿವ್‌ಗಳನ್ನು ಕಾಗದದ ಲಕೋಟೆಯಲ್ಲಿಟ್ಟು, ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಮಳೆಗಾಲ ದಾಟುತ್ತವೆ. ತೆಗೆದ ಪ್ರತಿಗಳನ್ನು ಬೇರೆ ಬೇರೆ ಎರಡು ಕಡೆ ಸಂಗ್ರಹಿಸಿಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಹೆಸರುಗಳು. ವಿವೇಕಾನಂದರ ಬೆಳಗಾವಿಯ ಫೋಟೋಕ್ಕೆ ಚರಿತ್ರೆಯಲ್ಲಿ ಬೆಲೆ ಬಂದದ್ದು ಅದರಲ್ಲಿ ಯಾರಿದ್ದಾರೆ, ಎಲ್ಲಿ ತೆಗೆದದ್ದು, ಯಾವ ವರ್ಷ, ಯಾವ ಸ್ಟುಡಿಯೋ ಎಂಬುದೆಲ್ಲ ದಾಖಲಾಗಿರುವುದರಿಂದ. ಹಾಗೆಯೇ ಮನೆಯ ಗುಂಪು ಫೋಟೋದಲ್ಲಿ ಎಡದಿಂದ ಮೂರನೆಯವರು ಯಾರೆಂದು ಹೇಳಬಲ್ಲವರು ಈಗ ಅಜ್ಜಿ ಒಬ್ಬರೇ ಇರಬಹುದು. ಅವರನ್ನು ಕೇಳದೆ ಹೋದರೆ ಮುಂದಿನ ತಲೆಮಾರಿಗೆ ಆ ಮುಖ ಉಳಿದರೂ ಮನುಷ್ಯ ಉಳಿಯುವುದಿಲ್ಲ. ರಜೆಯಲ್ಲಿ ಒಂದು ಮಧ್ಯಾಹ್ನ ಮಕ್ಕಳು ಅಜ್ಜಿಯ ಪಕ್ಕ ಆಲ್ಬಂ ಹರಡಿಕೊಂಡು ಕೂತು, ಪೆನ್ಸಿಲ್ ಹಿಡಿದು ಒಂದೊಂದೇ ಹೆಸರು ಕೇಳಿ ಬರೆದುಕೊಳ್ಳಲಿ. ಆ ಹೆಸರುಗಳ ಜೊತೆ ಅಜ್ಜಿ ಹೇಳುವ ಕಥೆಗಳಿಗೆ ಮಾತ್ರ ಇನ್ನೊಂದು ನೋಟುಪುಸ್ತಕ ಬೇಕಾದೀತು.